ಸಲಹೆ ಮೂರು, ತೊಟ್ಟಿ ಒಂದು

ಕಾಸರಗೋಡು ಜಿಲ್ಲೆಯ ಓದುಗರಿಂದ ಬಂದ ನಾಲ್ಕು ಪತ್ರಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ನಾಲ್ವರೂ ಮನೆಯಲ್ಲಿ ಉಪ್ಪುನೀರಿನ ಹವಳದ ತೊಟ್ಟಿ ಇಟ್ಟವರು ಅಥವಾ ಇಡಲು ಹೊರಟವರು. ಕೇಳಿರುವ ಸಂಗತಿಗಳು ಬೇರೆ ಬೇರೆಯಾದರೂ, ತಿಳಿದವರ ಮಾತು ಕೇಳಿದ ಮೇಲೆಯೇ ನಾಲ್ವರಿಗೂ ದಾರಿ ತೋಚದಂತಾಗಿದೆ.

ಪ್ರಶ್ನೆ: ನಮ್ಮ ಮುನ್ನೂರು ಲೀಟರಿನ ತೊಟ್ಟಿಯಲ್ಲಿ ಮೃದು ಹವಳಗಳೂ ಒಂದು ಜೊತೆ ಕ್ಲೌನ್ ಮೀನುಗಳೂ ಇವೆ. ಕೆಲವು ವಾರಗಳಿಂದ ಮರಳಿನ ಮೇಲೂ ಕಲ್ಲಿನ ಮೇಲೂ ಕಂದು ಬಣ್ಣದ ಲೋಳೆ ಹಬ್ಬುತ್ತಿದೆ. ಪರೀಕ್ಷಾ ಕಿಟ್‌ನಲ್ಲಿ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ ತೋರಿಸುತ್ತವೆ. ಮಂಗಳೂರಿನ ಮೀನಿನ ಅಂಗಡಿಯವರು ಲೋಳೆ ತೆಗೆಯುವ ಔಷಧಿಯ ಬಾಟಲಿ ಕೊಟ್ಟಿದ್ದಾರೆ. ಸಾಗರ ಜೀವಶಾಸ್ತ್ರ ಕಲಿಸುವ ನನ್ನ ಭಾವ, ಹವಳದ ದಿಬ್ಬಗಳ ನೀರಿನಲ್ಲಿ ಪೋಷಕಾಂಶ ಬಹುತೇಕ ಇರುವುದೇ ಇಲ್ಲ, ಆದುದರಿಂದ ಸೊನ್ನೆಯೇ ಸರಿ ಎನ್ನುತ್ತಾರೆ. ವಿದೇಶದಲ್ಲಿ ಬಹುಕಾಲದಿಂದ ಹವಳ ಸಾಕುತ್ತಿರುವ ಒಬ್ಬರ ವಿಡಿಯೋದಲ್ಲಿ, ಮೂರು ದಿನ ದೀಪ ಆರಿಸಿ, ಹಾದುಹೋಗುವ ನೀರಿನಲ್ಲಿರುವ ಜೀವಿಗಳನ್ನು ಅತಿನೇರಳೆ ಬೆಳಕಿನಿಂದ ಕೊಲ್ಲುವ ಯುವಿ ಯಂತ್ರ ಹಾಕಿ ಎಂದಿದ್ದಾರೆ. ಯಾರ ಮಾತು ಕೇಳಲಿ? (ಓದುಗರು, ಕುಂಬಳೆ)

ಉತ್ತರ: ಮೂವರೂ ಸುಳ್ಳು ಹೇಳಿಲ್ಲ. ಆದರೆ ಮೂವರೂ ಒಂದೇ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ ಎಂಬುದನ್ನು ಮೊದಲು ಗಮನಿಸಬೇಕು.

ತಮ್ಮ ಭಾವನವರ ಮಾತಿನಿಂದ ಆರಂಭಿಸೋಣ, ಏಕೆಂದರೆ ಅದಕ್ಕೆ ವಿದ್ಯೆಯ ಬಲವಿದೆ ಮತ್ತು ಆ ಕಾರಣಕ್ಕೇ ಅದನ್ನು ಪ್ರಶ್ನಿಸುವುದು ಕಷ್ಟ. ಹವಳದ ದಿಬ್ಬಗಳ ಸುತ್ತಲಿನ ಸಮುದ್ರದ ನೀರಿನಲ್ಲಿ ಕರಗಿದ ನೈಟ್ರೇಟ್ ಮತ್ತು ಫಾಸ್ಫೇಟ್ ತೀರ ಕಡಿಮೆ ಇರುವುದು ನಿಜ. ಆದರೆ ಅಲ್ಲಿ ಅಲೆಗಳೂ ಪ್ರವಾಹಗಳೂ ಹಗಲಿರುಳು ಸೂಕ್ಷ್ಮಜೀವಿಗಳನ್ನು, ಮೀನಿನ ಹಿಕ್ಕೆಯನ್ನು, ಕೊಳೆತ ಕಣಗಳನ್ನು ಹವಳದ ಬಾಯಿಗೆ ತಂದು ಮುಟ್ಟಿಸುತ್ತಿರುತ್ತವೆ. ಊಟದ ಪಂಕ್ತಿಯಲ್ಲಿ ಎಲೆ ಯಾವಾಗ ನೋಡಿದರೂ ಬರಿದಾಗಿ ಕಾಣಬಹುದು, ಬಡಿಸುವವರು ಬರುತ್ತಲೇ ಇದ್ದಾರೆ, ಉಣ್ಣುವವರು ಉಣ್ಣುತ್ತಲೇ ಇದ್ದಾರೆ. ಸಮುದ್ರದ ಸೊನ್ನೆ ಅಂಥದ್ದು. ತಮ್ಮ ತೊಟ್ಟಿಯಲ್ಲಿ ಬಡಿಸುವವರು ತಾವೊಬ್ಬರೇ. ನೊರೆಯೆಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಯಂತ್ರ ಮತ್ತು ಫಾಸ್ಫೇಟ್ ಹೀರುವ ಮಾಧ್ಯಮ ಸೇರಿ ಎಲ್ಲವನ್ನೂ ತೆಗೆದುಹಾಕಿದರೆ ಅಲ್ಲಿಯ ಸೊನ್ನೆ ನಿಜವಾದ ಉಪವಾಸವೇ ಆಗುತ್ತದೆ. ಇಂತಹ ಉಪವಾಸದ ತೊಟ್ಟಿಗಳಲ್ಲಿ ಉಳಿದ ಪಾಚಿಗಳೂ ಬ್ಯಾಕ್ಟೀರಿಯಾಗಳೂ ಸೊರಗಿ, ಡೈನೋಫ್ಲಾಜೆಲೇಟ್ ಎಂಬ ಏಕಕೋಶ ಜೀವಿಗಳು ತೆರವಾದ ಜಾಗವನ್ನು ಹಿಡಿದುಕೊಳ್ಳುವುದು ಸಾಕುವವರಿಗೆ ಚೆನ್ನಾಗಿ ಪರಿಚಿತವಾದ ತೊಂದರೆ. ಭಾವನವರ ಪರಿಣತಿ ಸಮುದ್ರದ್ದು. ಮುಚ್ಚಿದ ಗಾಜಿನ ತೊಟ್ಟಿಯದಲ್ಲ.

ಸೊನ್ನೆ ಒಳ್ಳೆಯದು ಎಂಬ ಮಾತು ಸಾಕುವವರ ನಡುವೆಯೂ ಬಹಳ ಕಾಲ ನಡೆಯಿತು. ಸೋಸುವ ವ್ಯವಸ್ಥೆ ದುರ್ಬಲವಾಗಿದ್ದ ದಿನಗಳಲ್ಲಿ ನೈಟ್ರೇಟ್ ಲೀಟರಿಗೆ ಐವತ್ತು, ನೂರು ಮಿಲಿಗ್ರಾಂ ದಾಟುತ್ತಿತ್ತು. ಆಗ ಅದನ್ನು ಆದಷ್ಟು ಕೆಳಗಿಳಿಸಿ ಎಂದದ್ದು ಸರಿಯಾದ ಸಲಹೆಯೇ ಆಗಿತ್ತು. 1980ರ ದಶಕದಿಂದ ಜೀವಂತ ಕಲ್ಲು (ಸೂಕ್ಷ್ಮಜೀವಿಗಳು ನೆಲೆಸಿದ ಕಡಲ ಕಲ್ಲು) ಮತ್ತು ಬಲವಾದ ಸ್ಕಿಮ್ಮರ್ ಬಳಸುವ ಬರ್ಲಿನ್ ಪದ್ಧತಿ ಹರಡಿತು, ಆಮೇಲೆ ಫಾಸ್ಫೇಟ್ ಹೀರುವ ಮಾಧ್ಯಮಗಳೂ ಬಂದವು. ಇಳಿಸುವ ಶಕ್ತಿ ಹೆಚ್ಚಿತು, ಸಲಹೆ ಮಾತ್ರ ಹಳೆಯದೇ ಉಳಿಯಿತು. ಈಗ ಅನುಭವಸ್ಥರಲ್ಲಿ ಹಲವರು ನೈಟ್ರೇಟನ್ನು ಲೀಟರಿಗೆ ಐದು ಮಿಲಿಗ್ರಾಂನ ಆಸುಪಾಸಿನಲ್ಲಿಯೂ ಫಾಸ್ಫೇಟನ್ನು 0.05ರ ಆಸುಪಾಸಿನಲ್ಲಿಯೂ ಉಳಿಸಿಕೊಳ್ಳಲು ಹೇಳುತ್ತಾರೆ. ಒಂದು ಸಲಹೆ ಯಾವ ಕಾಲದ ಯಾವ ಕಾಯಿಲೆಗೆ ಹುಟ್ಟಿದ್ದು ಎಂದು ಕೇಳಿಕೊಂಡರೆ ಅರ್ಧ ಗೊಂದಲ ಅಲ್ಲಿಯೇ ಕರಗುತ್ತದೆ.

ಅಂಗಡಿಯವರ ಬಾಟಲಿಯ ಬಗ್ಗೆ ನನ್ನ ಅಭಿಪ್ರಾಯ ಕಟ್ಟುನಿಟ್ಟಾದುದು: ಲೋಳೆ ಯಾವುದೆಂದು ಗೊತ್ತಾಗುವ ಮೊದಲು ಅದನ್ನು ಹಾಕಬೇಡಿ. ಲೋಳೆ ತೆಗೆಯುವ ಔಷಧಿಗಳಲ್ಲಿ ಹಲವು ಎರಿತ್ರೋಮೈಸಿನ್‌ನಂತಹ ಪ್ರತಿಜೈವಿಕಗಳು. ಅವು ಪಾಚಿಯಂತೆ ಕಾಣುವ ಸಯನೋಬ್ಯಾಕ್ಟೀರಿಯಾ ಎಂಬ ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡುತ್ತವೆ. ಡೈನೋಫ್ಲಾಜೆಲೇಟ್‌ಗಳು ಬ್ಯಾಕ್ಟೀರಿಯಾಗಳೇ ಅಲ್ಲವಾದ್ದರಿಂದ ಅವುಗಳಿಗೆ ಏನೂ ಆಗುವುದಿಲ್ಲ. ಅವುಗಳೊಡನೆ ಜಾಗಕ್ಕಾಗಿ ಪೈಪೋಟಿ ಮಾಡುತ್ತಿದ್ದ ಜೀವಿಗಳು ಸತ್ತು, ನೀರಿನ ಆಮ್ಲಜನಕ ಕುಸಿದು, ಕೊನೆಗೆ ಲೋಳೆಯೇ ಗೆಲ್ಲುವ ಸಾಧ್ಯತೆ ಹೆಚ್ಚು. ಹಾಗೆಂದು ಅಂಗಡಿಯವರನ್ನು ಲಾಭಕೋರರೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಹತ್ತಾರು ಮನೆಗಳ ತೊಟ್ಟಿಯ ಸುದ್ದಿ ದಿನವೂ ಅವರ ಕಿವಿಗೆ ಬೀಳುತ್ತದೆ. ಇದೇ ಉಪ್ಪು ಕೊಂಡ ಬೇರೆಯವರಿಗೂ ಹೀಗಾಗಿದೆಯೇ, ಈ ಕಿಟ್‌ನ ಹಿಂದಿನ ಪೆಟ್ಟಿಗೆಗಳ ಬಗ್ಗೆ ದೂರು ಬಂದಿದೆಯೇ ಎಂದು ಅವರನ್ನು ಕೇಳಿ ನೋಡಿ. ಆ ಪ್ರಶ್ನೆಗಳಿಗೆ ಅವರಿಗಿಂತ ಚೆನ್ನಾಗಿ ಉತ್ತರಿಸುವವರು ಸಿಗಲಾರರು.

ಇನ್ನು ವಿಡಿಯೋದ ಮಾತು. ಡೈನೋಫ್ಲಾಜೆಲೇಟ್‌ಗಳಲ್ಲಿ ತೊಟ್ಟಿಗೆ ಬರುವವು ಹಲವು ಬಗೆ. ಆಸ್ಟ್ರಿಯಾಪ್ಸಿಸ್ ಎಂಬುದು ರಾತ್ರಿ ಕಲ್ಲು ಬಿಟ್ಟು ನೀರಿನಲ್ಲಿ ತೇಲುತ್ತದೆ. ಆಗ ಯುವಿ ಯಂತ್ರದೊಳಗೆ ಹಾದು ಸಾಯುತ್ತದೆ. ಆಂಫಿಡಿನಿಯಂನ ದೊಡ್ಡ ಕೋಶದ ಬಗೆ ಮರಳನ್ನು ಬಿಟ್ಟು ಏಳುವುದೇ ಅಪರೂಪ. ಅದಕ್ಕೆ ಯುವಿ ಎಷ್ಟು ದೊಡ್ಡದು ಹಾಕಿದರೂ ಪ್ರಯೋಜನ ಕಾಣುವುದಿಲ್ಲ. ವಿಡಿಯೋದವರು ತಮ್ಮ ತೊಟ್ಟಿಯಲ್ಲಿದ್ದ ಬಗೆಗೆ ತಕ್ಕ ಉಪಾಯ ಹೇಳಿದ್ದಾರೆ. ಗೆದ್ದವರು ವಿಡಿಯೋ ಮಾಡುತ್ತಾರೆ, ಅದೇ ಉಪಾಯ ಮಾಡಿ ಸೋತವರು ತೊಟ್ಟಿ ಮಾರಿ ಸುಮ್ಮನಾಗುತ್ತಾರೆ ಎಂಬುದನ್ನೂ ನೆನಪಿನಲ್ಲಿಡಬೇಕು.

ಆದುದರಿಂದ ಮೊದಲ ಕೆಲಸ ಲೋಳೆಯನ್ನು ಗುರುತಿಸುವುದು. ಹೊಸ ತೊಟ್ಟಿಯಲ್ಲಿ ಧೂಳಿನಂತೆ ಕುಳಿತು, ಕೈಯಾಡಿಸಿದರೆ ಹಾರಿಹೋಗುವ ಕಂದು ಪದರ ಸಾಮಾನ್ಯವಾಗಿ ಡಯಾಟಂ ಎಂಬ ಸೂಕ್ಷ್ಮ ಪಾಚಿ. ಕಡುಗೆಂಪು ಅಥವಾ ಕಪ್ಪುಹಸಿರು ಹಾಳೆಯಂತೆ ಒಟ್ಟಿಗೆ ಕಿತ್ತು ಬರುವುದು ಸಯನೋಬ್ಯಾಕ್ಟೀರಿಯಾ. ದಾರದಂತೆ ಎಳೆಯೆಳೆಯಾಗಿ ತೂಗಾಡುತ್ತ, ಎಳೆಯ ತುದಿಯಲ್ಲಿ ಗಾಳಿಗುಳ್ಳೆ ಹಿಡಿದುಕೊಂಡು, ಬೆಳಗ್ಗೆ ಕಡಿಮೆಯಿದ್ದು ಸಂಜೆಗೆ ದಟ್ಟವಾದರೆ ಡೈನೋ ಎಂದು ಶಂಕಿಸಬೇಕು. ಸ್ವಲ್ಪ ಲೋಳೆಯನ್ನು ತೊಟ್ಟಿಯ ನೀರಿನೊಡನೆ ಸಣ್ಣ ಬಾಟಲಿಯಲ್ಲಿ ಚೆನ್ನಾಗಿ ಕುಲುಕಿ, ಕಾಫಿ ಸೋಸುವ ಕಾಗದದಲ್ಲಿ ಸೋಸಿ, ಸೋಸಿದ ನೀರನ್ನು ದೀಪದ ಕೆಳಗೆ ಒಂದು ಗಂಟೆ ಇಟ್ಟು ನೋಡಿ. ತಿಳಿನೀರಿನಲ್ಲಿ ಮತ್ತೆ ಎಳೆಗಳು ಹೆಣೆದುಕೊಂಡರೆ ಶಂಕೆ ಬಲವಾಗುತ್ತದೆ. ಇದನ್ನು ಖಚಿತಪಡಿಸಲು ಸೂಕ್ಷ್ಮದರ್ಶಕ ಬೇಕು. ತಮ್ಮ ಭಾವನವರ ನಿಜವಾದ ನೆರವು ಬೇಕಾಗುವುದು ಇಲ್ಲಿಯೇ. ಅವರ ಕಾಲೇಜಿನ ಪ್ರಯೋಗಾಲಯದಲ್ಲಿ ನಾನೂರು ಪಟ್ಟು ಹಿಗ್ಗಿಸಿ ನೋಡಿದರೆ, ಒಂದೇ ಬಿಂದುವಿಗೆ ಕಟ್ಟಿದಂತೆ ಗಿರಗಿರನೆ ತಿರುಗುವ ಹನಿಯಾಕಾರದ ಕೋಶ ಆಸ್ಟ್ರಿಯಾಪ್ಸಿಸ್ ಎಂದೂ, ಚಪ್ಪಟೆ ಮೊಟ್ಟೆಯಾಕಾರದಲ್ಲಿ ಮೆಲ್ಲನೆ ಜಾರುವುದು ಆಂಫಿಡಿನಿಯಂ ಎಂದೂ ಅವರು ಕೆಲವೇ ನಿಮಿಷಗಳಲ್ಲಿ ಹೇಳಬಲ್ಲರು. ಲೋಳೆ ಮುಟ್ಟುವಾಗ ಕೈಗವಸು ಇರಲಿ. ಆಸ್ಟ್ರಿಯಾಪ್ಸಿಸ್ ವಿಷಕಾರಿ, ಅದನ್ನು ತಿಂದ ಬಸವನಹುಳುಗಳು ಸಾಯುತ್ತವೆ; ತಮ್ಮಲ್ಲಿರುವ ಮೃದು ಹವಳಗಳಲ್ಲಿ ಜೋವಾಂಥಿಡ್ ಇದ್ದರೆ ಅದರಲ್ಲಿಯೂ ಪ್ಯಾಲಿಟಾಕ್ಸಿನ್ ಎಂಬ ಉಗ್ರ ವಿಷ ಇರಬಹುದು. ಯಾರು ಹೇಳಿದರೂ ಆ ಹವಳ ಅಂಟಿದ ಕಲ್ಲನ್ನು ಬಿಸಿನೀರಿನಲ್ಲಿ ಕುದಿಸಬೇಡಿ. ಆ ಆವಿ ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಬೇರೆ ದೇಶಗಳಲ್ಲಿ ದಾಖಲಾಗಿವೆ.

ಗುರುತಿಸುವ ತನಕ ಕೈಕಟ್ಟಿ ಕೂರಬೇಕಿಲ್ಲ. ತಪ್ಪಾದರೆ ಹಿಂದೆ ಬರಬಹುದಾದ ಕೆಲಸಗಳನ್ನು ಪೂರ್ಣ ಪುರಾವೆ ಇಲ್ಲದೆಯೂ ಮಾಡಬಹುದು, ಹಿಂದೆ ಬರಲಾಗದವುಗಳಿಗೆ ಮಾತ್ರ ಪುರಾವೆ ಕೇಳಬೇಕು ಎಂಬುದು ನನ್ನ ನಿಲುವು. ಫಾಸ್ಫೇಟ್ ಹೀರುವ ಮಾಧ್ಯಮವನ್ನು ಈಗಲೇ ಹೊರತೆಗೆಯಿರಿ, ಮೀನಿನ ಆಹಾರವನ್ನು ಸ್ವಲ್ಪ ಹೆಚ್ಚಿಸಿ, ಒಂದೆರಡು ವಾರ ನೀರು ಬದಲಿಸುವುದನ್ನು ನಿಲ್ಲಿಸಿ, ಸಕ್ರಿಯ ಇದ್ದಿಲಿನ ಚೀಲವೊಂದನ್ನು ನೀರು ಹರಿಯುವಲ್ಲಿ ಇಡಿ. ಆಸ್ಟ್ರಿಯಾಪ್ಸಿಸ್ ಎಂದು ತಿಳಿದರೆ ಆಗ ಯುವಿಯೂ ಮೂರು ದಿನದ ಕತ್ತಲೂ ತಕ್ಕ ಉಪಾಯ. ಕಿಟ್‌ನ ಸೊನ್ನೆಯನ್ನೂ ಪೂರ್ತಿ ನಂಬಬೇಡಿ. ಅವಧಿ ಮೀರಿದ ದ್ರಾವಣದಲ್ಲಿ ಬಣ್ಣ ಏಳುವುದಿಲ್ಲ. ಇನ್ನೊಂದು ಕಿಟ್‌ನಲ್ಲಿ ಅದೇ ನೀರನ್ನು ಪರೀಕ್ಷಿಸಿ ಹೋಲಿಸಿದರೆ, ಈ ಮೂವರ ಸಲಹೆಗಳು ನಿಂತಿರುವ ನೆಲವೇ ಗಟ್ಟಿಯೋ ಎಂಬುದು ತಿಳಿಯುತ್ತದೆ.

ಪ್ರಶ್ನೆ: ನಮ್ಮ ಮನೆಗೆ ನೀರು ಬರುವುದು ಗುಡ್ಡದ ಸುರಂಗದಿಂದ. ಪ್ರಯೋಗಾಲಯದ ವರದಿಯಲ್ಲಿ ಕುಡಿಯಲು ಯೋಗ್ಯ ಎಂದು ಬಂದಿದೆ, ಟಿಡಿಎಸ್ (ನೀರಿನಲ್ಲಿ ಕರಗಿದ ವಸ್ತುಗಳ ಒಟ್ಟು ಪ್ರಮಾಣ) ಕೂಡ ಬಹಳ ಕಡಿಮೆ. ಇಷ್ಟು ಒಳ್ಳೆಯ ನೀರಿಗೆ ಆರ್‌ಒ ಯಂತ್ರ ಹಾಕುವುದು ದುಂದುವೆಚ್ಚವೆಂದು ನೀರಿನ ಇಂಜಿನಿಯರ್ ಒಬ್ಬರು ಹೇಳಿದರು. ಹೌದೇ? (ಓದುಗರು, ಬದಿಯಡ್ಕ)

ಉತ್ತರ: ಮುರಕಲ್ಲಿನ ಗುಡ್ಡದ ಸುರಂಗದ ನೀರು ಮೃದುವಾದುದು, ರುಚಿಯಾದುದು, ಇಂಜಿನಿಯರರ ಮೆಚ್ಚುಗೆ ಸಹಜ. ಆದರೆ ವರದಿ ಮನುಷ್ಯನ ಹೊಟ್ಟೆಯ ಲೆಕ್ಕದಲ್ಲಿ ಬರೆದದ್ದು. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕ ಐಎಸ್ 10500 ತಾಮ್ರಕ್ಕೆ ಲೀಟರಿಗೆ 0.05 ಮಿಲಿಗ್ರಾಂ ಎಂಬ ಮಿತಿಯನ್ನು ಹೇಳಿ, ಬೇರೆ ನೀರಿನ ಮೂಲವಿಲ್ಲದಲ್ಲಿ 1.5 ಮಿಲಿಗ್ರಾಂವರೆಗೂ ಒಪ್ಪುತ್ತದೆ. ಮೀನಿನ ಮೈಮೇಲೆ ಬಿಳಿ ಚುಕ್ಕೆಯ ರೋಗ ಬಂದಾಗ ಪ್ರತ್ಯೇಕ ತೊಟ್ಟಿಯಲ್ಲಿ ಔಷಧಿಯಾಗಿ ಹಾಕುವ ತಾಮ್ರ ಲೀಟರಿಗೆ ಸುಮಾರು 0.2 ಮಿಲಿಗ್ರಾಂ ಮಾತ್ರ, ಮತ್ತು ಅಷ್ಟೇ ಪ್ರಮಾಣ ಸಿಗಡಿ, ಬಸವನಹುಳು, ಹವಳಗಳನ್ನು ಕೊಲ್ಲಲು ಸಾಕು. ಅಂದರೆ ಮನುಷ್ಯ ನೆಮ್ಮದಿಯಿಂದ ಕುಡಿಯಬಹುದಾದ ನೀರಿನಲ್ಲಿ ಹವಳ ಸಾಯಬಹುದು, ವರದಿ ಬರೆದವರ ತಪ್ಪು ಎಳ್ಳಷ್ಟೂ ಇಲ್ಲದೆ.

ತಾಮ್ರದ ಮಾತನ್ನೇ ಎತ್ತಲು ನಮ್ಮ ಊರಿನ ಕಾರಣವಿದೆ. ಅಡಿಕೆಗೆ ಕೊಳೆರೋಗ ಬಾರದಂತೆ ಮಳೆಗಾಲದಲ್ಲಿ ಸಿಂಪಡಿಸುವ ಬೋರ್ಡೋ ದ್ರಾವಣವೆಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತು ತಾಮ್ರದ ಸಲ್ಫೇಟ್. ಮಣ್ಣು ತಾಮ್ರವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದರಿಂದ ಗುಡ್ಡದೊಳಗಿನ ಸುರಂಗಕ್ಕೆ ಅದು ಇಳಿಯುವ ಭಯ ಕಡಿಮೆ. ಆದರೆ ಸುರಂಗದ ನೀರು ಬಂದು ನಿಲ್ಲುವ ತೆರೆದ ತೊಟ್ಟಿ ತೋಟದ ನಡುವೆ ಇದ್ದರೆ ಸಿಂಪಡಣೆಯ ಹನಿಗಳು ನೇರವಾಗಿ ಬೀಳುತ್ತವೆ. ಇನ್ನೂ ಹೆಚ್ಚು ಎಚ್ಚರ ಬೇಕಾದದ್ದು ಪಾತ್ರೆಯ ಬಗ್ಗೆ. ಬೋರ್ಡೋ ಕಲಸಿದ ಡ್ರಮ್ಮಿನ ಒಳಬದಿಯಲ್ಲಿ, ಎಷ್ಟು ತೊಳೆದರೂ, ಅಂಚಿನ ಕೆಳಗೆ ತೆಳು ನೀಲಿ ಗೆರೆಯೊಂದು ಉಳಿದಿರುತ್ತದೆ. ಅಂಥ ಡ್ರಮ್ಮಿನಲ್ಲಿ ಒಮ್ಮೆ ಉಪ್ಪುನೀರು ಕಲಸಿದರೂ ಸಾಕು, ಮಾಡಿದ ವೆಚ್ಚವೆಲ್ಲ ನೀರುಪಾಲು. ಅಕ್ವೇರಿಯಂಗೆ ಬೇರೆಯೇ ಬಕೆಟ್, ಬೇರೆಯೇ ಡ್ರಮ್ ಇಡಿ; ಮನೆಯ ಕೆಲಸದವರಿಗೂ ಅದನ್ನು ತಿಳಿಸಿಡಿ.

ಟಿಡಿಎಸ್ ಮೀಟರ್ ನೀರಿನಲ್ಲಿ ಕರಗಿದ್ದು ಒಟ್ಟು ಎಷ್ಟು ಎಂದು ಅಂದಾಜಿಸುತ್ತದೆಯೇ ಹೊರತು ಅದರಲ್ಲಿ ಏನೇನಿದೆ ಎಂದು ಹೇಳುವುದಿಲ್ಲ. ಇಪ್ಪತ್ತು ಎಂಬ ಅಂಕೆಯಲ್ಲಿ ನಿರಪಾಯಕರ ಸುಣ್ಣವೂ ಇರಬಹುದು, ಕಬ್ಬಿಣ, ನೈಟ್ರೇಟ್, ತಾಮ್ರವೂ ಇರಬಹುದು. ಜೊತೆಗೆ ತೊಟ್ಟಿಯಿಂದ ದಿನವೂ ನೀರು ಆವಿಯಾಗುತ್ತದೆ, ಕರಗಿದ್ದು ಹಿಂದೆಯೇ ಉಳಿಯುತ್ತದೆ; ತಿಂಗಳುಗಟ್ಟಲೆ ತುಂಬಿಸುತ್ತ ಹೋದಂತೆ ಅಲ್ಪವೂ ಹೆಚ್ಚಾಗುತ್ತದೆ. ಆರ್‌ಒ ಮತ್ತು ಅದರ ನಂತರ ಉಳಿದ ಲವಣಗಳನ್ನು ಹೀರುವ ಡಿಐ ರಾಳದ ಕೊಳವೆ, ಹೊರಬರುವ ನೀರಿನಲ್ಲಿ ಟಿಡಿಎಸ್ ಸೊನ್ನೆ, ಇದು ನನ್ನ ಮಟ್ಟಿಗೆ ರಾಜಿ ಇಲ್ಲದ ಬೇಡಿಕೆ. ತಮ್ಮ ನೀರು ಮೊದಲೇ ಮೃದುವಾದ್ದರಿಂದ ಮೆಂಬ್ರೇನ್ ಮತ್ತು ರಾಳ ಗಡಸುನೀರಿನ ಊರುಗಳಿಗಿಂತ ಹೆಚ್ಚು ಕಾಲ ಬಾಳುತ್ತವೆ. ಇಂಜಿನಿಯರರ ಮಾತಿನಿಂದ ತಮಗೆ ಸಿಗುವ ನಿಜವಾದ ಲಾಭ ಅದು.

ಪ್ರಶ್ನೆ: ಬೇಸಿಗೆಯಲ್ಲಿ ನಮ್ಮ ತೊಟ್ಟಿಯ ನೀರು 31 ಡಿಗ್ರಿ ಮುಟ್ಟುತ್ತದೆ. ಲಕ್ಷದ್ವೀಪದ ಹವಳಗಳು ಬಿಸಿನೀರಿನಲ್ಲೇ ಬದುಕುವುದರಿಂದ ಚಿಂತೆ ಬೇಡ ಎಂದು ಒಬ್ಬರು, ಫ್ಯಾನ್ ಸಾಕೆಂದು ಬೆಂಗಳೂರಿನ ಒಬ್ಬರು, ನೀರು ತಂಪಾಗಿಸುವ ಚಿಲ್ಲರ್ ಯಂತ್ರ ಇಲ್ಲದೆ ಆಗದೆಂದು ಮಾರುವವರು. (ಓದುಗರು, ಮಂಜೇಶ್ವರ)

ಉತ್ತರ: ಲಕ್ಷದ್ವೀಪದ ಹವಳಗಳು 1998ರಲ್ಲಿ ಸಮುದ್ರ ಬಿಸಿಯೇರಿದಾಗ ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡು ಸತ್ತವು. ಹವಳ ತಾನು ಬೆಳೆದ ನೀರಿನ ಬೇಸಿಗೆಯ ಗರಿಷ್ಠ ಉಷ್ಣತೆಗಿಂತ ಒಂದೇ ಡಿಗ್ರಿ ಮೇಲೆ ಕೆಲವು ವಾರ ಇದ್ದರೂ ತನ್ನೊಳಗಿನ ಪಾಚಿಯನ್ನು ಹೊರದಬ್ಬಿ ಬಿಳಿಚಿಕೊಳ್ಳುತ್ತದೆ. ಬಿಸಿನೀರಿನ ಹವಳಗಳೆಂಬ ವಾದ ಆ ಒಂದು ಡಿಗ್ರಿಯನ್ನು ಮರೆಯುತ್ತದೆ.

ಬೆಂಗಳೂರಿನವರು ಹೇಳಿದ್ದು ಬೆಂಗಳೂರಿನ ಮಟ್ಟಿಗೆ ಸರಿ. ಫ್ಯಾನ್ ತಂಪು ಮಾಡುವುದು ನೀರನ್ನು ಆವಿ ಮಾಡಿಸಿ. ಒಣಹವೆಯಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ಕರಾವಳಿಯಲ್ಲಿ ಏಪ್ರಿಲ್, ಮೇ ತಿಂಗಳ ಹವೆಯಲ್ಲಿ ಬಟ್ಟೆಯೇ ಒಣಗಲು ತಡಮಾಡುವಾಗ ಫ್ಯಾನಿನಿಂದ ಒಂದೆರಡು ಡಿಗ್ರಿಗಿಂತ ಹೆಚ್ಚಿನದನ್ನು ನಿರೀಕ್ಷಿಸಬಾರದು. ಮೊದಲು ಮುಚ್ಚಳ ತೆಗೆದು, ದೀಪ ಉರಿಯುವ ಹೊತ್ತನ್ನು ಹಗಲಿನಿಂದ ಸಂಜೆ ಮತ್ತು ರಾತ್ರಿಗೆ ಸರಿಸಿ, ಫ್ಯಾನ್ ಹಾಕಿ ಒಂದು ವಾರ ಉಷ್ಣತೆ ಬರೆದಿಡಿ. ಆವಿಯಾದದ್ದನ್ನು ಆರ್‌ಒ ನೀರಿನಿಂದಲೇ ತುಂಬಿಸಬೇಕು, ಉಪ್ಪುನೀರಿನಿಂದಲ್ಲ. ಇಷ್ಟಾದರೂ 28.5ರ ಕೆಳಗೆ ಬಾರದಿದ್ದರೆ ಮಾರುವವರ ಮಾತೇ ಸರಿ, ಚಿಲ್ಲರ್ ಕೊಳ್ಳಿ. ಆದರೆ ಅದರ ಬಿಸಿಗಾಳಿ ಅದೇ ಕೋಣೆಯೊಳಗೆ ಸುತ್ತದಂತೆ ಜಾಗ ನೋಡಿ ಇಡಿ. ಕರೆಂಟು ಹೋದಾಗ ಇನ್ವರ್ಟರಿನ ಮೊದಲ ಹಕ್ಕು ನೀರು ತಿರುಗಿಸುವ ಪಂಪಿಗೆ, ಏಕೆಂದರೆ ಬಿಸಿನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ.

ಪ್ರಶ್ನೆ: ನನ್ನ ಮಾವ ಮೀನುಗಾರರು. ಕಡಲು ಪಕ್ಕದಲ್ಲೇ ಇರುವಾಗ ಉಪ್ಪಿನ ಪುಡಿಗೆ ದುಡ್ಡು ಯಾಕೆ, ನೀರನ್ನೂ ಹವಳದ ಕಲ್ಲುಗಳನ್ನೂ ನಾನೇ ತಂದುಕೊಡುತ್ತೇನೆ ಎನ್ನುತ್ತಾರೆ. ಕೃತಕ ಉಪ್ಪೇ ಬೇಕೆಂದು ಅನುಭವಸ್ಥರ ಅಭಿಪ್ರಾಯ. (ಓದುಗರು, ಉಪ್ಪಳ)

ಉತ್ತರ: ನೀರಿನ ವಿಷಯದಲ್ಲಿ ತಮ್ಮ ಮಾವನವರೂ ಪರಿಣತರೇ. ಹೊಳೆಯ ನೀರು ಅಳಿವೆಯಿಂದ ಎಷ್ಟು ದೂರ ಹರಡುತ್ತದೆ, ಯಾವ ತಿಂಗಳಲ್ಲಿ ಕಡಲು ತಿಳಿಯಾಗುತ್ತದೆ, ಬಂದರಿನ ಡೀಸೆಲ್ ಎಣ್ಣೆ ಯಾವ ಕಡೆಗೆ ತೇಲುತ್ತದೆ ಎಂಬುದನ್ನು ಯಾವ ಪುಸ್ತಕವೂ ಅವರಷ್ಟು ಚೆನ್ನಾಗಿ ಹೇಳಲಾರದು. ಆ ಮೂರನ್ನು ಅವರಿಂದ ಕೇಳಿ ತಿಳಿಯಿರಿ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ, ದಡದಿಂದ ಸಾಕಷ್ಟು ದೂರ, ಅಳಿವೆಗಳನ್ನು ತಪ್ಪಿಸಿ ದೋಣಿಯಿಂದ ತುಂಬಿಸಿದ ನೀರನ್ನು ಸೋಸಿ, ಮುಚ್ಚಿದ ಡ್ರಮ್ಮಿನಲ್ಲಿ ಕತ್ತಲಲ್ಲಿ ಪಂಪಿನಿಂದ ತಿರುಗಿಸುತ್ತ ಒಂದೆರಡು ವಾರ ಇಟ್ಟು ಬಳಸಬಹುದು. ಮಳೆಗಾಲದಲ್ಲಿ ಮಾತ್ರ ಬೇಡವೇ ಬೇಡ. ಕೆಸರೂ ತೋಟದಿಂದ ಹರಿದ ಔಷಧಿಯೂ ಸಿಹಿನೀರೂ ಸೇರಿರುತ್ತವೆ. ಆದ್ದರಿಂದ ವರ್ಷವಿಡೀ ನಡೆಯಬೇಕಾದ ತೊಟ್ಟಿಗೆ ಉಪ್ಪಿನ ಪುಡಿ ಹೇಗೂ ಮನೆಯಲ್ಲಿರಬೇಕು.

ತಂದ ನೀರಾಗಲಿ ಕಲಸಿದ ನೀರಾಗಲಿ, ಲವಣಾಂಶ ಸಾವಿರಕ್ಕೆ 35ರಷ್ಟಿರಬೇಕು. ಅಳೆಯುವ ರಿಫ್ರಾಕ್ಟೋಮೀಟರನ್ನು ಶುದ್ಧನೀರಿನಲ್ಲಿ ಸೊನ್ನೆಗೆ ತಂದರೆ ಸಾಲದು. ಅಗ್ಗದ ಹಲವು ಉಪಕರಣಗಳು ಅಡುಗೆ ಉಪ್ಪಿನ ದ್ರಾವಣಕ್ಕೆ ಮಾಡಿದವು, ಸಮುದ್ರದ ನೀರಿನಲ್ಲಿ ಒಂದೂವರೆ ಅಂಶದಷ್ಟು ಹೆಚ್ಚು ತೋರಿಸುತ್ತವೆ. 35ರ ಮಾನಕ ದ್ರಾವಣದ ಸಣ್ಣ ಬಾಟಲಿ ಕೊಂಡು ಅದರಲ್ಲಿ ಹೊಂದಿಸಿಕೊಳ್ಳಿ.

ಕಲ್ಲಿನ ವಿಷಯದಲ್ಲಿ ಮಾವನವರಿಗೆ ಗೌರವದಿಂದಲೇ ಬೇಡವೆನ್ನಬೇಕು. ದಿಬ್ಬ ಕಟ್ಟುವ ಕಲ್ಲು ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಗೆ 2001ರಲ್ಲಿ ಸೇರಿವೆ. ಕಡಲಕುದುರೆಗಳೂ ಕಡಲ ಸೌತೆಗಳೂ ಅದೇ ವರ್ಷ ಸೇರಿದವು. ಸತ್ತ ಹವಳದ ತುಂಡಿಗೂ ಕಾಯ್ದೆ ಅನ್ವಯಿಸುತ್ತದೆ, ಬಲೆಗೆ ತಾನಾಗಿ ಸಿಕ್ಕಿತೆಂಬುದು ಮನೆಯಲ್ಲಿ ಇಟ್ಟುಕೊಳ್ಳಲು ಸಮರ್ಥನೆಯಾಗುವುದಿಲ್ಲ. ಬಲೆಯಲ್ಲಿ ಬಂದದ್ದನ್ನು ಅಲ್ಲಿಯೇ ಕಡಲಿಗೆ ಬಿಡಲು ಹೇಳಿ. ತೊಟ್ಟಿಗೆ ಸಿರಾಮಿಕ್ ಕಲ್ಲುಗಳನ್ನು ಬಳಸಿ, ನಾಲ್ಕರಿಂದ ಆರು ವಾರ ಮೀನಿಲ್ಲದೆ ನಡೆಸಿ, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆ ಮೊದಲ ಮೀನನ್ನು ಬಿಡಿ.